ಹಿರಿಯರನ್ನು ಕ್ರೂಸ್ ಹಡಗು ಹತ್ತಿಸುವ ಮೊದಲು ತಿಳಿದಿರಬೇಕಾದದ್ದು

ಜಯಲಕ್ಷ್ಮೀಪುರಂ, ಮೈಸೂರು – ನಿವೃತ್ತ ಶಿಕ್ಷಕಿ

ಕಳೆದ ವರ್ಷ ನಮ್ಮ ಯಜಮಾನರಿಗೆ ಎಪ್ಪತ್ತು ತುಂಬಿ ಮನೆಯಲ್ಲಿ ಭೀಮರಥ ಶಾಂತಿ ನಡೆಯಿತು. ಶಾಂತಿ ಮುಗಿದ ಸಂಜೆಯೇ ಮಗ ಮತ್ತು ಮಗಳು ಸೇರಿ, ಸಿಂಗಪುರದಿಂದ ಹೊರಟು ಪೆನಾಂಗ್ ಮತ್ತು ಫುಕೆಟ್ ಬಂದರುಗಳನ್ನು ಮುಟ್ಟಿ ಮರಳುವ ನಾಲ್ಕು ರಾತ್ರಿಗಳ ಹಡಗಿನ ಪ್ರವಾಸದ ಟಿಕೆಟ್ಟುಗಳನ್ನು ನಮ್ಮ ಕೈಗಿತ್ತರು. ಒಮ್ಮೆ ಪೆಟ್ಟಿಗೆ ಬಿಚ್ಚಿಟ್ಟರೆ ಮತ್ತೆ ಕಟ್ಟುವ ಕೆಲಸವಿಲ್ಲ, ಊಟ ತಿಂಡಿ ಎಲ್ಲವೂ ಅಲ್ಲೇ, ಮಂಡಿನೋವಿನ ಅಪ್ಪನಿಗೆ ಇದಕ್ಕಿಂತ ಅನುಕೂಲವಾದ ಪ್ರವಾಸ ಬೇರೆ ಇಲ್ಲ ಎಂಬುದು ಮಕ್ಕಳ ಮಾತಾಗಿತ್ತು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲ ಎರಡು ದಿನ ನಾವು ನಿಜವಾಗಿಯೂ ಸಂತೋಷವಾಗಿದ್ದೆವು.

ಎರಡನೆಯ ರಾತ್ರಿ ಸುಮಾರು ಎರಡು ಗಂಟೆಗೆ ಅವರಿಗೆ ವಾಂತಿ ಭೇದಿ ಆರಂಭವಾಯಿತು. ಅವರು ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯವರು, ಇನ್ಸುಲಿನ್ ತೆಗೆದುಕೊಳ್ಳುವವರು. ರಾತ್ರಿಯ ಇನ್ಸುಲಿನ್ ಒಳಗೆ ಹೋಗಿತ್ತು, ತಿಂದ ಅನ್ನ ಹೊರಗೆ ಬಂದಿತ್ತು, ಸಕ್ಕರೆ ಪ್ರಮಾಣ ಇಳಿಯತೊಡಗಿತ್ತು. ಮೈಸೂರಿನಲ್ಲಾಗಿದ್ದರೆ ಎದುರುಮನೆಯ ಹುಡುಗ ಕಾರು ತೆಗೆದು ಹತ್ತು ನಿಮಿಷದಲ್ಲಿ ಆಸ್ಪತ್ರೆಯ ಬಾಗಿಲಿಗೆ ತಂದು ಬಿಡುತ್ತಿದ್ದ. ಅಲ್ಲಿ ನಾನು ಕ್ಯಾಬಿನ್ನಿನ ಫೋನಿನಲ್ಲಿ ಸಂಖ್ಯೆ ಒತ್ತಿ, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಅವರ ಸ್ಥಿತಿಯನ್ನು ವಿವರಿಸಿ, ಗಾಲಿಕುರ್ಚಿ ಬರುವವರೆಗೆ ಕಿಟಕಿಯಾಚೆಗಿನ ಕತ್ತಲೆಯನ್ನು ನೋಡುತ್ತಾ ನಿಂತಿದ್ದೆ. ಎಲ್ಲಿಯೂ ಒಂದು ದೀಪವೂ ಕಾಣುತ್ತಿರಲಿಲ್ಲ.

ಹಡಗಿನ ವೈದ್ಯರು ಮತ್ತು ದಾದಿ ಕರ್ತವ್ಯವನ್ನು ಚೆನ್ನಾಗಿಯೇ ಮಾಡಿದರು. ಅವರನ್ನು ನಾನು ಇಂದಿಗೂ ನೆನೆಯುತ್ತೇನೆ. ನನ್ನ ದೂರು ಬೇರೆ. ಗ್ಲೂಕೋಸ್, ರಕ್ತಪರೀಕ್ಷೆ, ಎರಡು ದಿನದ ನಿಗಾ ಸೇರಿ ಸುಮಾರು ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿಯಷ್ಟು ಹಣ ಡಾಲರಿನ ಲೆಕ್ಕದಲ್ಲಿ ನಮ್ಮ ಕಾರ್ಡಿನಿಂದ ಕಡಿತವಾಯಿತು. ಸೋಂಕು ಇತರರಿಗೆ ಹರಡಬಾರದೆಂದು ನಮ್ಮಿಬ್ಬರನ್ನೂ ಕ್ಯಾಬಿನ್ನಿನಿಂದ ಹೊರಗೆ ಬರದಂತೆ ಇರಿಸಿದರು. ಅದು ಸರಿಯಾದ ಕ್ರಮವೆಂದು ಒಪ್ಪುತ್ತೇನೆ, ಆದರೆ ಕಿಟಕಿ ತೆರೆಯಲಾಗದ ಆ ಕಿರಿದಾದ ಕೋಣೆಯಲ್ಲಿ ಅವರಿಗೆ ಒಂದು ಲೋಟ ಗಂಜಿ ಕಾಯಿಸಿ ಕೊಡಲೂ ಆಗದೆ ಕಳೆದ ಆ ಗಂಟೆಗಳನ್ನು ಮರೆಯುವುದು ಕಷ್ಟ. ಊರಿಗೆ ಬಂದ ಮೇಲೆ ವಿಮಾ ಸಂಸ್ಥೆಯು ಹಣದ ದೊಡ್ಡ ಭಾಗವನ್ನು ನಿರಾಕರಿಸಿತು. ಟಿಕೆಟ್ಟಿನೊಂದಿಗೆ ವಿಮೆಯನ್ನೂ ಮಾಡಿಸಿಕೊಟ್ಟ ಏಜೆಂಟರು ಅರ್ಜಿಯಲ್ಲಿ, ಮೊದಲೇ ಇರುವ ಕಾಯಿಲೆಗಳು ಯಾವುವು ಎಂಬ ಪ್ರಶ್ನೆಯ ಮುಂದೆ, ಯಾವುದೂ ಇಲ್ಲ ಎಂದು ತಾವೇ ತುಂಬಿದ್ದರು. ನಾವು ಆ ಅರ್ಜಿಯನ್ನು ನೋಡಿಯೇ ಇರಲಿಲ್ಲ.

ಹಡಗಿನ ಪ್ರವಾಸದ ಅಪಾಯವೆಂದರೆ ಹಡಗು ಮುಳುಗುವುದು ಎಂದೇ ನಾವೆಲ್ಲ ತಿಳಿದಿರುತ್ತೇವೆ. ಹಡಗು ಮುಳುಗುವುದು ಬಹಳ ಅಪರೂಪ. ನೆಲದ ಮೇಲೆ ನಮಗೆ ಕೇಳದೆಯೇ ಸಿಗುವ ಆಸ್ಪತ್ರೆ, ಪೊಲೀಸು, ನ್ಯಾಯಾಲಯ, ಬೇಡವೆನಿಸಿದರೆ ಇಳಿದು ಹೋಗುವ ಸ್ವಾತಂತ್ರ್ಯ, ಈ ನಾಲ್ಕೂ ಹಡಗು ದಡ ಬಿಟ್ಟ ಕ್ಷಣದಿಂದ ಒಂದೇ ಕಂಪನಿಯ ಕೈಗೆ ಹೋಗುತ್ತವೆ ಎಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮ ಊರಿನಲ್ಲಿ ತಂದೆತಾಯಿಗೆ ಇಂತಹ ಪ್ರವಾಸವನ್ನು ಉಡುಗೊರೆಯಾಗಿ ಕೊಡುವವರು ಹೆಚ್ಚುತ್ತಿದ್ದಾರೆ. ತಿಳಿದವರು ತಮಗೆ ಗೊತ್ತಿರುವುದನ್ನು ಇಲ್ಲಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಸರಸ್ವತಿಪುರಂ, ಮೈಸೂರು – ವೈದ್ಯ

ಮೇಡಂ, ನಿಮ್ಮ ಯಜಮಾನರು ಚೇತರಿಸಿಕೊಂಡಿದ್ದಾರೆಂದು ಭಾವಿಸುತ್ತೇನೆ. ಪರೀಕ್ಷೆಯ ವರದಿ ನೋಡದೆ ಖಚಿತವಾಗಿ ಹೇಳಲಾಗದು, ಆದರೆ ನೀವು ವಿವರಿಸಿದ ಲಕ್ಷಣಗಳು ಹಡಗುಗಳಲ್ಲಿ ಬಹುಸಾಮಾನ್ಯವಾದ ನೊರೊವೈರಸ್ ಸೋಂಕಿಗೆ ಹೊಂದುತ್ತವೆ. ಈ ವೈರಸ್ ದೇಹ ಸೇರಿದ 12ರಿಂದ 48 ಗಂಟೆಗಳೊಳಗೆ ವಾಂತಿ ಭೇದಿ ಶುರುವಾಗುತ್ತದೆ, ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಇಳಿಯುತ್ತದೆ. ರೋಗ ತರಲು ಅತಿ ಕಡಿಮೆ ಸಂಖ್ಯೆಯ ವೈರಸ್ ಕಣಗಳು ಸಾಕು. ಸಾವಿರಾರು ಜನ ಮುಟ್ಟುವ ಕಂಬಿ, ಲಿಫ್ಟಿನ ಗುಂಡಿ, ಬಫೆಯಲ್ಲಿ ಕೈಯಿಂದ ಕೈಗೆ ಹೋಗುವ ಸೌಟು ಇವೇ ಅದರ ದಾರಿ. ಊಟದ ಕೋಣೆಯ ಬಾಗಿಲಲ್ಲಿ ಕೈಗೆ ಹಾಕುವ ಸ್ಯಾನಿಟೈಸರ್ ಈ ವೈರಸ್ಸಿನ ವಿರುದ್ಧ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯುವುದೊಂದೇ ನಂಬಬಹುದಾದ ಉಪಾಯ.

ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳಲ್ಲಿ ಪ್ರಯಾಣಿಕರ ಅಥವಾ ಸಿಬ್ಬಂದಿಯ ಪೈಕಿ ಶೇ 3 ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಇಂತಹ ಕಾಯಿಲೆ ಬಂದರೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹಡಗಿನ ಹೆಸರಿನೊಂದಿಗೆ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಕೇಂದ್ರದ ಪ್ರಕಾರ, ವರದಿಯಾಗುವ ಒಟ್ಟು ನೊರೊವೈರಸ್ ಹರಡುವಿಕೆಗಳಲ್ಲಿ ಹಡಗುಗಳ ಪಾಲು ಕೇವಲ ಶೇ 1ರಷ್ಟು. ಕಲ್ಯಾಣಮಂಟಪದಲ್ಲಿಯೂ ಇದೇ ಸೋಂಕು ಬರಬಹುದು. ಆದರೆ ಮಂಟಪದಿಂದ ಮನೆಗೆ ಹೋಗಬಹುದು.

ಹಡಗಿನ ವೈದ್ಯಕೀಯ ಕೇಂದ್ರವನ್ನು ಆಸ್ಪತ್ರೆ ಎಂದು ತಿಳಿಯುವುದು ತಪ್ಪು. ಅಲ್ಲಿ ರೋಗಿಯನ್ನು ಸ್ಥಿರಗೊಳಿಸಿ ದಡದ ಆಸ್ಪತ್ರೆಗೆ ಸಾಗಿಸುವುದು ಉದ್ದೇಶವೇ ಹೊರತು ಪೂರ್ಣ ಚಿಕಿತ್ಸೆಯಲ್ಲ. ಮೈಸೂರಿನಲ್ಲಿ ನಡುರಾತ್ರಿ ಎದೆನೋವು ಬಂದವರನ್ನು ಜಯದೇವ ಸಂಸ್ಥೆಗೆ ಕರೆದೊಯ್ದರೆ ಮುಚ್ಚಿದ ರಕ್ತನಾಳವನ್ನು ಆ ರಾತ್ರಿಯೇ ತೆರೆಯುತ್ತಾರೆ. ಹಡಗಿನಲ್ಲಿ ಹೆಪ್ಪು ಕರಗಿಸುವ ಔಷಧ ಕೊಟ್ಟು ಮುಂದಿನ ಬಂದರಿಗೆ ಕಾಯಬೇಕಾಗುತ್ತದೆ. ಹೆಲಿಕಾಪ್ಟರ್ ಬರಬೇಕಾದರೆ ಹಡಗು ಅದರ ಹಾರಾಟದ ವ್ಯಾಪ್ತಿಯೊಳಗಿರಬೇಕು, ಗಾಳಿ ಮಳೆ ಸುಮ್ಮನಿರಬೇಕು.

ಇನ್ನೊಂದು ಕಾಯಿಲೆಯ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಬಿಸಿನೀರಿನ ತೊಟ್ಟಿ ಮತ್ತು ಷವರಿನ ಹಬೆಯಲ್ಲಿರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಉಸಿರಿನೊಂದಿಗೆ ಒಳಗೆಳೆದುಕೊಂಡರೆ ತೀವ್ರ ನ್ಯುಮೋನಿಯಾ ಬರಬಹುದು. ಐವತ್ತು ದಾಟಿದವರು, ಧೂಮಪಾನಿಗಳು, ಶ್ವಾಸಕೋಶದ ತೊಂದರೆಯವರು ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. ಲಕ್ಷಣಗಳು ಕಾಣಿಸಿಕೊಳ್ಳಲು ಎರಡು ವಾರದವರೆಗೆ ಹಿಡಿಯುವುದರಿಂದ ಜ್ವರ ಬರುವುದು ಮೈಸೂರಿಗೆ ಮರಳಿದ ಮೇಲೆ. ಆಗ ವೈದ್ಯರ ಬಳಿ, ಹಡಗಿನಲ್ಲಿ ಪ್ರಯಾಣಿಸಿದ್ದೆ ಎಂಬ ಒಂದು ವಾಕ್ಯವನ್ನು ತಪ್ಪದೆ ಹೇಳಬೇಕು, ಏಕೆಂದರೆ ನ್ಯುಮೋನಿಯಾಕ್ಕೆ ರೂಢಿಯಲ್ಲಿ ಕೊಡುವ ಕೆಲವು ಪ್ರತಿಜೀವಕಗಳು ಈ ಬ್ಯಾಕ್ಟೀರಿಯಾದ ಮೇಲೆ ಪರಿಣಾಮ ಬೀರುವುದಿಲ್ಲ.

ಇನ್ಸುಲಿನ್ ಮತ್ತು ಮಾತ್ರೆಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಬಂದರಿನಲ್ಲಿ ಹಡಗಿನವರು ಪಡೆದುಕೊಂಡ ದೊಡ್ಡ ಪೆಟ್ಟಿಗೆ ಕ್ಯಾಬಿನ್ ತಲುಪುವುದು ಎಷ್ಟೋ ಗಂಟೆಗಳ ನಂತರ. ಪ್ರವಾಸದ ದಿನಗಳಿಗಿಂತ ಕನಿಷ್ಠ ಒಂದು ವಾರಕ್ಕೆ ಹೆಚ್ಚಾಗುವಷ್ಟು ಔಷಧ ಇರಲಿ, ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಿಗಿಂತ ಔಷಧದ ಮೂಲ ಹೆಸರನ್ನು ಬರೆಸಿಕೊಳ್ಳಿ.

ವಿಜಯನಗರ, ಮೈಸೂರು – ಬ್ಯಾಂಕ್ ಉದ್ಯೋಗಿ

ಇಲ್ಲಿ ಬರೆದಿರುವುದನ್ನು ಓದಿದರೆ ಯಾರೂ ಹಡಗು ಹತ್ತಲಾರರು ಎನಿಸುತ್ತದೆ. ನಾನು ಮೂರು ಬಾರಿ ಕ್ರೂಸ್‌ನಲ್ಲಿ ಹೋಗಿದ್ದೇನೆ, ಎರಡು ಬಾರಿ ಗಾಲಿಕುರ್ಚಿಯಲ್ಲಿರುವ ನನ್ನ ತಾಯಿಯೊಂದಿಗೆ. ಮೆಟ್ಟಿಲು ಹತ್ತಲಾಗದ ಅವರನ್ನು ಬೇರಾವ ಪ್ರವಾಸಕ್ಕೂ ನಾನು ಕರೆದೊಯ್ಯಲಾರೆ. ಊಟದ ಕೋಣೆ, ಸಂಗೀತ ಕಾರ್ಯಕ್ರಮ, ಮೇಲಿನ ಡೆಕ್ಕು ಎಲ್ಲಕ್ಕೂ ಲಿಫ್ಟ್ ಇತ್ತು. ಎಂಟು ವರ್ಷಗಳ ನಂತರ ಅವರು ಸೂರ್ಯೋದಯವನ್ನು ಬಯಲಿನಲ್ಲಿ ಕುಳಿತು ನೋಡಿದರು. ಮನೆಯಲ್ಲಿಯೇ ಇದ್ದರೂ ಕಾಯಿಲೆ ಬರುತ್ತದೆ. ತೊಂದರೆಯಾದವರು ಬರೆಯುತ್ತಾರೆ, ಸುಖವಾಗಿ ಬಂದ ಸಾವಿರಾರು ಜನ ಬರೆಯುವುದಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು.

ಸರಸ್ವತಿಪುರಂ, ಮೈಸೂರು – ವೈದ್ಯ

ನಿಮ್ಮ ತಾಯಿಯವರ ವಿಷಯದಲ್ಲಿ ನೀವು ಮಾಡಿದ್ದು ಸರಿಯೇ, ಅದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಮನೆಯಲ್ಲಿಯೂ ಕಾಯಿಲೆ ಬರುತ್ತದೆ ಎಂಬ ಮಾತು ಅರ್ಧ ಸತ್ಯ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ 3,711 ಮಂದಿಯಿದ್ದರು, ಅವರಲ್ಲಿ 712 ಮಂದಿಗೆ ಕೋವಿಡ್ ತಗುಲಿತು. ಪ್ರಯಾಣಿಕರನ್ನು ಕ್ಯಾಬಿನ್ನುಗಳಲ್ಲಿ ಕೂರಿಸಿ ಸಿಬ್ಬಂದಿಯಿಂದ ಊಟ ಹಂಚಿಸಿದರು. ಆ ಸಿಬ್ಬಂದಿ ಮಾತ್ರ ಕೋಣೆಗಳನ್ನು ಹಂಚಿಕೊಂಡು ಮಲಗುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು. ಅಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿಯೇ. ಕಾಯಿಲೆ ಎಲ್ಲೆಡೆ ಬರುತ್ತದೆ, ಆದರೆ ಅದರಿಂದ ದೂರ ಸರಿಯುವ ಜಾಗ ಎಲ್ಲೆಡೆ ಒಂದೇ ಅಲ್ಲ.

ಮಂಡ್ಯ – ಕೃಷಿಕ

ನಾವು ವಿಶ್ವೇಶ್ವರಯ್ಯ ನಾಲೆಯ ನೀರು ಕಂಡವರೇ ಹೊರತು ಸಮುದ್ರದ ಅನುಭವ ನಮಗಿಲ್ಲ. ಮೇ ತಿಂಗಳ ಕೊನೆಯಲ್ಲಿ, ಮಕ್ಕಳ ಬೇಸಿಗೆ ರಜೆ ಮುಗಿಯುವುದರೊಳಗೆ, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಹಡಗಿನಲ್ಲಿ ನಮ್ಮ ಅವ್ವ, ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಹೋಗಬೇಕೆಂದು ಮುಂಗಡ ಕೊಡಲು ಹೊರಟಿದ್ದೆ. ಅವ್ವನಿಗೆ ಅರವತ್ತಾರು ವರ್ಷ, ರಕ್ತದೊತ್ತಡವಿದೆ, ಮಂಡಿ ಸರಿಯಾಗಿ ಮಡಚಲಾಗುವುದಿಲ್ಲ. ನಮ್ಮ ದೇಶದೊಳಗಿನ ಪ್ರವಾಸಕ್ಕೂ ನೀವು ಹೇಳಿದ ಎಲ್ಲವೂ ಅನ್ವಯಿಸುತ್ತದೆಯೇ? ಮುಂಗಡ ಕೊಡುವ ಮೊದಲು ಏನೇನು ಕೇಳಬೇಕು?

ಪಾಂಡವಪುರ – ಹಿಂದೆ ಹಡಗಿನಲ್ಲಿ ಕೆಲಸ ಮಾಡಿದವರು

ಅಣ್ಣ, ಮಂಡ್ಯದವರ ಪ್ರಶ್ನೆಗೆ ನಾನೇ ಉತ್ತರಿಸುತ್ತೇನೆ. ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಆರು ವರ್ಷ ವಿದೇಶಿ ಹಡಗುಗಳ ಅಡುಗೆಮನೆ ಮತ್ತು ಊಟದ ಕೋಣೆಗಳಲ್ಲಿ ದುಡಿದವನು ನಾನು.

ಮೊದಲು ಕಾಲದ ಮಾತು. ಕೇರಳಕ್ಕೆ ಮುಂಗಾರು ಬರುವುದು ಜೂನ್ ಒಂದರ ಆಸುಪಾಸಿನಲ್ಲಿ, ಸಮುದ್ರ ಅದಕ್ಕೆ ಮೊದಲೇ ಕೆರಳಿರುತ್ತದೆ. ಮೇ ಕೊನೆಯಲ್ಲಿ ಅವ್ವನನ್ನು ಆ ನೀರಿಗೆ ಕರೆದೊಯ್ಯಬೇಡಿ. ಎರಡನೆಯದಾಗಿ, ಅಗತ್ತಿಯಂತಹ ದ್ವೀಪಗಳಲ್ಲಿ ದೊಡ್ಡ ಹಡಗು ದಡದವರೆಗೆ ಹೋಗುವುದಿಲ್ಲ. ಆಳದ ನೀರಿನಲ್ಲಿ ನಿಂತು ಪ್ರಯಾಣಿಕರನ್ನು ಸಣ್ಣ ದೋಣಿಗೆ ಇಳಿಸುತ್ತದೆ. ಅಲೆಯೊಂದಿಗೆ ದೋಣಿ ಏರುತ್ತದೆ, ಇಳಿಯುತ್ತದೆ. ದೋಣಿ ಏರಿದ ಕ್ಷಣವನ್ನು ನೋಡಿ ಕಾಲಿಡಬೇಕು. ಮಂಡಿ ಮಡಚಲಾಗದವರಿಗೆ ಆ ಒಂದು ಹೆಜ್ಜೆ ಇಡೀ ಪ್ರವಾಸದಲ್ಲಿ ಅತ್ಯಂತ ಅಪಾಯದ ಹೆಜ್ಜೆ. ಕಾಲಿನ ಮೂಳೆ ಮುರಿದವರನ್ನು ನಾನೇ ಕಂಡಿದ್ದೇನೆ. ಅಲ್ಲಿಂದ ಕೊಚ್ಚಿ ಸುಮಾರು 459 ಕಿಲೋಮೀಟರ್. ದ್ವೀಪವಾಸಿಗಳೇ ಗಂಭೀರ ಕಾಯಿಲೆಗೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಹೋಗಬೇಕಾದ ಸ್ಥಿತಿಯಿದೆ. ಕ್ಯಾಬಿನ್ನನ್ನು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೇಳಿ ಪಡೆಯಿರಿ, ಏಕೆಂದರೆ ಓಲಾಟ ಅಲ್ಲಿ ಕಡಿಮೆ. ಮೇಲಿನ ಬಾಲ್ಕನಿ ಕ್ಯಾಬಿನ್ನಿಗೆ ಹೆಚ್ಚು ಹಣ ಕೊಟ್ಟು ಹೆಚ್ಚು ವಾಂತಿ ಮಾಡಿಕೊಂಡವರು ಬಹಳ ಮಂದಿ.

ಇನ್ನು ಎಲ್ಲ ಪ್ರಯಾಣಿಕರಿಗೂ ಕೈಮುಗಿದು ಹೇಳುವ ಮಾತೊಂದಿದೆ. ಹಡಗು ಹೊರಡುವ ದಿನದ ಸುರಕ್ಷತಾ ಕವಾಯತನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ದಡಕ್ಕೆ ಅತಿ ಸಮೀಪ ಹೋಗಿ ಬಂಡೆಗೆ ಬಡಿಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದ ಆ ಹಡಗಿನಲ್ಲಿ 32 ಮಂದಿ ಸತ್ತರು, ಅವರಲ್ಲಿ ನಮ್ಮಂತೆಯೇ ಊಟ ಬಡಿಸುವ ಕೆಲಸದಲ್ಲಿದ್ದ ಒಬ್ಬ ಭಾರತೀಯನೂ ಇದ್ದ. ಅವನ ಅವಶೇಷ ಸಿಕ್ಕಿದ್ದು 2014ರ ನವೆಂಬರ್‌ನಲ್ಲಿ. ಅಂದು ಸಂಜೆಯಷ್ಟೇ ಹಡಗು ಹತ್ತಿದ ನೂರಾರು ಜನರಿಗೆ ಕವಾಯತು ಇನ್ನೂ ಆಗಿರಲಿಲ್ಲ, ಏಕೆಂದರೆ ಆಗಿನ ನಿಯಮ 24 ಗಂಟೆಯೊಳಗೆ ಮಾಡಿದರೆ ಸಾಕು ಎನ್ನುತ್ತಿತ್ತು. ಆ ದುರಂತದ ನಂತರ ನಿಯಮ ಬದಲಾಗಿ, 2015ರ ಜನವರಿಯಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಕವಾಯತು ನಡೆಯಲೇಬೇಕು. ಈಗ ಎಷ್ಟೋ ಹಡಗುಗಳಲ್ಲಿ ಅದನ್ನು ಫೋನಿನ ವಿಡಿಯೊ ತೋರಿಸಿ ಮುಗಿಸುತ್ತಾರೆ, ನಮ್ಮವರು ವಿಡಿಯೊ ಓಡಲು ಬಿಟ್ಟು ಬಫೆಗೆ ಹೋಗುತ್ತಾರೆ. ಹಡಗಿನ ಸೈರನ್ನಿನ ಏಳು ಚಿಕ್ಕ ಕೂಗು, ನಂತರ ಒಂದು ಉದ್ದನೆಯ ಕೂಗು ಕೇಳಿದರೆ ಅದು ತುರ್ತು ಕರೆ. ಲಿಫ್ಟ್ ಬಿಟ್ಟು ಮೆಟ್ಟಿಲಿನಿಂದ, ತುರ್ತಿನಲ್ಲಿ ಸೇರಲು ನಿಮಗೆ ಗೊತ್ತುಪಡಿಸಿದ ಜಾಗಕ್ಕೆ ಹೋಗಬೇಕು. ಆ ಜಾಗಕ್ಕೆ ಅವ್ವನನ್ನು ಮೊದಲ ದಿನವೇ ಒಮ್ಮೆ ನಡೆಸಿಕೊಂಡು ಹೋಗಿ ತೋರಿಸಿ, ಎಷ್ಟು ಹೊತ್ತು ಹಿಡಿಯಿತೆಂದು ಗಮನಿಸಿ.

ಎಂಜಿನ್ ನಿಂತರೆ ಹಡಗು ಎಂತಹ ಸ್ಥಳವಾಗುತ್ತದೆ ಎಂಬುದನ್ನೂ ತಿಳಿದಿರಿ. 2013ರ ಫೆಬ್ರವರಿಯಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್ ಎಂಬ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ವಿದ್ಯುತ್ ಹೋಯಿತು. ಹಡಗಿನ ಶೌಚಾಲಯಗಳು ನಮ್ಮ ಮನೆಯವುಗಳಂತೆ ನೀರು ಸುರಿದರೆ ಹರಿಯುವಂಥವಲ್ಲ. ಅವು ವಿದ್ಯುತ್ತಿನಿಂದ ನಡೆಯುವ ನಿರ್ವಾತದ ಸೆಳೆತದಿಂದ ಕೆಲಸ ಮಾಡುತ್ತವೆ. ಹಡಗನ್ನು ಎಳೆದು ದಡ ಮುಟ್ಟಿಸುವವರೆಗೆ ನಾಲ್ಕು ದಿನ ನಾಲ್ಕು ಸಾವಿರ ಜನ ಹೊಲಸಿನ ನಡುವೆ, ಡೆಕ್ಕಿನ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದರು. 2019ರ ಮಾರ್ಚ್‌ನಲ್ಲಿ ನಾರ್ವೆಯ ಕರಾವಳಿಯಲ್ಲಿ ವೈಕಿಂಗ್ ಸ್ಕೈ ಹಡಗಿನ ಎಂಜಿನ್‌ಗಳು ಬಿರುಗಾಳಿಯ ನಡುವೆಯೇ ನಿಂತಾಗ 479 ಮಂದಿಯನ್ನು ಒಬ್ಬೊಬ್ಬರಾಗಿ ಹೆಲಿಕಾಪ್ಟರಿಗೆ ಎತ್ತಬೇಕಾಯಿತು.

ನಿಮಗೆ ಊಟ ಬಡಿಸುವ ಹುಡುಗನ ಬಗ್ಗೆಯೂ ಎರಡು ಮಾತು ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ. ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದವೇ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಗಳ ದುಡಿಮೆಯವರೆಗೆ ಅವಕಾಶ ಕೊಡುತ್ತದೆ. ಆರೇಳು ತಿಂಗಳು ವಾರದ ರಜೆಯಿಲ್ಲದೆ ಹಾಗೆ ದುಡಿದ ಕೈಗಳೇ ತುರ್ತಿನಲ್ಲಿ ನಿಮಗೆ ಜೀವರಕ್ಷಕ ಅಂಗಿ ತೊಡಿಸಬೇಕು. ದಣಿವು ಸಹ ಪ್ರಯಾಣಿಕರ ಸುರಕ್ಷತೆಯ ವಿಷಯ. ನಮ್ಮ ಮಂಡ್ಯ ಜಿಲ್ಲೆಯಿಂದಲೂ ಹುಡುಗರು ಈ ಕೆಲಸಕ್ಕೆ ಹೋಗುತ್ತಿದ್ದಾರೆ. ಹಡಗು ಸಾರಿಗೆ ಮಹಾನಿರ್ದೇಶನಾಲಯದ ಪರವಾನಗಿ ಪಡೆದ ಏಜೆನ್ಸಿಯು ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ ಎಂಬುದು ಅವರ ತಂದೆತಾಯಿಗೆ ತಿಳಿದಿರಲಿ.

ಚಾಮರಾಜಪುರಂ, ಮೈಸೂರು – ವಕೀಲೆ

ಶಿಕ್ಷಕಿಯವರ ವಿಮೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೆ ಕಾಲಮಿತಿಯಿದೆ. ಮೇಡಂ, ವಿಮಾ ಸಂಸ್ಥೆಯಿಂದ ನಿಮ್ಮ ಹೆಸರಿನಲ್ಲಿ ಸಲ್ಲಿಸಿದ ಅರ್ಜಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಸಂಸ್ಥೆಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದು, ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅರ್ಜಿಯನ್ನು ತುಂಬಿದವರು ಯಾರು, ಸಹಿ ಯಾರದು, ಅದನ್ನು ನಿಮಗೆ ಓದಿ ಹೇಳಿದ್ದರೇ ಎಂಬುದೇ ಅಲ್ಲಿ ಮುಖ್ಯವಾಗುತ್ತದೆ.

ಇನ್ನು ಹಡಗಿನ ಟಿಕೆಟ್ಟು. ಅದು ಬಸ್ಸಿನ ಟಿಕೆಟ್ಟಿನಂತೆ ಬರಿಯ ರಸೀದಿಯಲ್ಲ, ಹತ್ತಾರು ಪುಟಗಳ ಕರಾರು. ಒಪ್ಪಿದ್ದೇನೆ ಎಂದು ಪರದೆಯ ಮೇಲೆ ಒತ್ತಿದಾಗ ಆ ಕರಾರು ಪೂರ್ತಿಯಾಗುತ್ತದೆ. ಹವಾಮಾನದ ಅಥವಾ ಸುರಕ್ಷತೆಯ ಕಾರಣದಿಂದ ಯಾವುದೇ ಬಂದರನ್ನು ಬಿಟ್ಟು ಹೋಗುವ ಹಕ್ಕನ್ನು ಕಂಪನಿ ಅದರಲ್ಲಿ ಇಟ್ಟುಕೊಂಡಿರುತ್ತದೆ, ಪ್ರತಿಯಾಗಿ ಪ್ರಯಾಣಿಕನಿಗೆ ದೊರೆಯುವುದು ಬಹುತೇಕ ಬಂದರು ಶುಲ್ಕವಷ್ಟೇ. ದೂರು ಕೊಡಲು ಗಡುವು, ದಾವೆ ಹೂಡಲು ಗಡುವು, ಯಾವ ಊರಿನ ನ್ಯಾಯಾಲಯ ಎಂಬುದೆಲ್ಲ ಅದರಲ್ಲಿಯೇ ಇರುತ್ತದೆ. ಅಮೆರಿಕದ ಕಾನೂನು ಇಂತಹ ಟಿಕೆಟ್ಟುಗಳಲ್ಲಿ ಗಾಯದ ಬಗ್ಗೆ ತಿಳಿಸಲು ಆರು ತಿಂಗಳ, ದಾವೆಗೆ ಒಂದು ವರ್ಷದ ಮಿತಿ ಹಾಕಲು ಕಂಪನಿಗಳಿಗೆ ಅವಕಾಶ ಕೊಡುತ್ತದೆ.

ಇದು ಕಾಗದದ ಮೇಲಿನ ಬೆದರಿಕೆಯಲ್ಲ. ವಾಷಿಂಗ್ಟನ್ ರಾಜ್ಯದ ಶೂಟ್ ದಂಪತಿ ಲಾಸ್ ಏಂಜಲೀಸ್‌ನಲ್ಲಿ ಹಡಗು ಹತ್ತಿದರು, ಮೆಕ್ಸಿಕೊ ಕರಾವಳಿಯಲ್ಲಿ ಪತ್ನಿ ಜಾರಿ ಬಿದ್ದು ಗಾಯಗೊಂಡರು, ತಮ್ಮ ಊರಿನಲ್ಲಿ ದಾವೆ ಹೂಡಿದರು. ಟಿಕೆಟ್ಟಿನಲ್ಲಿ ಫ್ಲಾರಿಡಾದ ನ್ಯಾಯಾಲಯವೆಂದು ಅಚ್ಚಾಗಿದೆ, ಆದ್ದರಿಂದ ಅಲ್ಲಿಗೇ ಹೋಗಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತಿತು. ಅದೇ ದೇಶದ ಪ್ರಜೆಗಳಿಗೇ ದೇಶದ ಇನ್ನೊಂದು ತುದಿಗೆ ಹೋಗಿ ಎಂದ ಮೇಲೆ ಮೈಸೂರಿನವರ ಪಾಡನ್ನು ನೀವೇ ಊಹಿಸಿ. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೆಯೋ ತೆರೆದ ಸಮುದ್ರದಲ್ಲಿ ಅದರ ಮೇಲೆ ಆ ದೇಶದ ಕಾನೂನು ನಡೆಯುತ್ತದೆ. ದೊಡ್ಡ ಕಂಪನಿಗಳ ಬಹುತೇಕ ಹಡಗುಗಳು ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ ಬಾವುಟಗಳವು. ಕ್ಯಾಬಿನ್ನಿನಲ್ಲಿ ಕಳವಾದರೆ, ಹೆಣ್ಣುಮಗಳೊಬ್ಬಳಿಗೆ ಕಿರುಕುಳವಾದರೆ, ಮೊದಲು ಬಂದು ಹೇಳಿಕೆ ಬರೆದುಕೊಳ್ಳುವ ಭದ್ರತಾ ಅಧಿಕಾರಿ ಕಂಪನಿಯ ಸಂಬಳದವನು. ಇದನ್ನು ನಾನು ಎಲ್ಲಕ್ಕಿಂತ ಗಂಭೀರವಾದ ಕೊರತೆಯೆಂದು ಭಾವಿಸುತ್ತೇನೆ. ಅಂತಹ ಸಂದರ್ಭದಲ್ಲಿ ದೂರಿನ ಪ್ರತಿಯನ್ನು ಹಡಗಿನಲ್ಲಿಯೇ ಕೇಳಿ ಪಡೆಯಬೇಕು, ಸಿಸಿಟಿವಿ ದೃಶ್ಯವನ್ನು ಉಳಿಸಿಡಬೇಕೆಂದು ಲಿಖಿತವಾಗಿ ತಿಳಿಸಬೇಕು, ಮುಂದಿನ ಬಂದರಿನಲ್ಲಿ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು.

ನಮ್ಮ ಕೈಯಲ್ಲಿರುವ ಬಲ ಮೈಸೂರಿನಲ್ಲಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು; ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು, ಕಾಲಮಿತಿ ಎರಡು ವರ್ಷ. ಆದ್ದರಿಂದ ವಿದೇಶದ ಜಾಲತಾಣದಲ್ಲಿ ನೇರವಾಗಿ ಟಿಕೆಟ್ ಕೊಳ್ಳುವುದಕ್ಕಿಂತ, ಇಲ್ಲಿ ಕಚೇರಿಯಿರುವ, ಜಿಎಸ್‌ಟಿ ರಸೀದಿ ಕೊಡುವ ಏಜೆಂಟರ ಮೂಲಕ ಕೊಳ್ಳುವುದು ಕಾನೂನಿನ ದೃಷ್ಟಿಯಿಂದ ಮೇಲು. ಅವರು ಫೋನಿನಲ್ಲಿ ಕೊಟ್ಟ ಭರವಸೆಗಳನ್ನು ಅಂದೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಿ, ಹೀಗೆ ಹೇಳಿದಿರಿ ಅಲ್ಲವೇ ಎಂದು ಖಚಿತಪಡಿಸಿಕೊಳ್ಳಿ.

ಕುವೆಂಪುನಗರ, ಮೈಸೂರು – ಲೆಕ್ಕಪರಿಶೋಧಕ

ಹಣದ ಬಗ್ಗೆ ಚುಟುಕಾಗಿ ಸೇರಿಸುತ್ತೇನೆ. ಜಾಹೀರಾತಿನ ದರವು ಪ್ರವಾಸದ ಖರ್ಚಲ್ಲ. ವಿದೇಶಿ ಹಡಗುಗಳಲ್ಲಿ ತಲೆಗೆ ದಿನಕ್ಕಿಷ್ಟು ಡಾಲರ್ ಎಂದು ಸೇವಾಶುಲ್ಕ ತಾನಾಗಿಯೇ ಖಾತೆಗೆ ಏರುತ್ತದೆ. ತಂಪು ಪಾನೀಯ, ಇಂಟರ್ನೆಟ್, ಬಂದರಿನ ಸುತ್ತಾಟ ಎಲ್ಲಕ್ಕೂ ಬೇರೆ ಲೆಕ್ಕ. ಹಡಗಿನಲ್ಲಿ ಕಾರ್ಡು ತೋರಿಸಿದರೆ ಸಾಕು, ನೋಟು ಕೈಬಿಟ್ಟು ಹೋಗುವುದು ಕಾಣದಿರುವುದರಿಂದ ಕೊನೆಯ ದಿನದ ಬಿಲ್ಲು ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ. ದಡದಿಂದ ದೂರವಾದ ಮೇಲೆ ಫೋನು ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಳ್ಳುತ್ತದೆ, ಸಾಮಾನ್ಯ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ. ಫೋನನ್ನು ವಿಮಾನದ ಸ್ಥಿತಿಯಲ್ಲಿ (ಏರ್‌ಪ್ಲೇನ್ ಮೋಡ್) ಇಡಿ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಏಜೆಂಟರು ವಸೂಲು ಮಾಡುವ ಟಿಸಿಎಸ್ ತೆರಿಗೆಯನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಮರಳಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ನಿವೃತ್ತರಲ್ಲಿ ಅನೇಕರು ಅದನ್ನು ಕೇಳುವುದೇ ಇಲ್ಲ.

ವೀಸಾ ಪ್ರಯಾಣಿಕನದೇ ಹೊಣೆ. ಯುರೋಪಿನ ಬಂದರಿನಿಂದ ಹೊರಟು ಟರ್ಕಿಗೆ ಹೋಗಿ ಮರಳುವ ಹಡಗಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ ಒಮ್ಮೆ ಮಾತ್ರ ಪ್ರವೇಶವಿರುವುದಾದರೆ ಸಾಲದು. ಬಂದರಿನಲ್ಲಿ ಇಳಿದವರು ಹೇಳಿದ ಸಮಯಕ್ಕೆ ಮರಳದಿದ್ದರೆ ಹಡಗು ಕಾಯುವುದಿಲ್ಲ. 2024ರಲ್ಲಿ ಆಫ್ರಿಕಾದ ಸಾವೊ ಟೋಮೆ ದ್ವೀಪದಲ್ಲಿ ತಡವಾಗಿ ಬಂದ ಎಂಟು ಪ್ರಯಾಣಿಕರನ್ನು ಬಿಟ್ಟು ಹಡಗು ಹೊರಟುಹೋಯಿತು, ಅವರು ದೇಶದಿಂದ ದೇಶಕ್ಕೆ ಸುತ್ತಿ ಅದನ್ನು ಹಿಂಬಾಲಿಸಬೇಕಾಯಿತು. ಮೈಸೂರಿನಿಂದ ಹೊರಡುವವರು ಹಡಗಿನ ದಿನವೇ ಬೆಂಗಳೂರಿನಲ್ಲಿ ವಿಮಾನ ಹತ್ತುವ ಲೆಕ್ಕಾಚಾರ ಹಾಕಬಾರದು. ಒಂದು ದಿನ ಮುಂಚಿತವಾಗಿಯೇ ಬಂದರಿನ ಊರಿನಲ್ಲಿರಬೇಕು.

ಜಯಲಕ್ಷ್ಮೀಪುರಂ, ಮೈಸೂರು – ನಿವೃತ್ತ ಶಿಕ್ಷಕಿ

ಎಲ್ಲರಿಗೂ ಕೃತಜ್ಞಳು. ನಮ್ಮ ಯಜಮಾನರು ಈಗ ಚೆನ್ನಾಗಿದ್ದಾರೆ. ವಕೀಲರ ಮಾತಿನಂತೆ ಅರ್ಜಿಯ ಪ್ರತಿಯನ್ನು ಕೇಳಿ ಪತ್ರ ಬರೆದಿದ್ದೇನೆ.

ವಿಜಯನಗರದವರ ಮಾತನ್ನು ನಾನು ಎರಡು ಬಾರಿ ಓದಿದೆ. ಅವರ ತಾಯಿ ಸೂರ್ಯೋದಯ ನೋಡಿದ್ದನ್ನು ಓದಿದಾಗ, ನಮ್ಮ ಎರಡನೆಯ ದಿನದ ಸಂಜೆ ಯಜಮಾನರು ಡೆಕ್ಕಿನ ಮೇಲೆ ಕುಳಿತು ನೀರನ್ನೇ ನೋಡುತ್ತಿದ್ದದ್ದು ನೆನಪಾಯಿತು. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಪ್ರವಾಸವನ್ನು ಅಚ್ಚರಿಯ ಉಡುಗೊರೆಯಾಗಿ ಕೊಡಬೇಡಿ ಎಂದು ಹೇಳುತ್ತಿದ್ದೇನೆ. ಅಚ್ಚರಿಯೆಂದು ಮುಚ್ಚಿಟ್ಟಿದ್ದರಿಂದಲೇ ನಮ್ಮ ವಿಮೆಯ ಅರ್ಜಿಯನ್ನು ನಮ್ಮನ್ನು ಕೇಳದೆ ತುಂಬಲಾಯಿತು, ವೈದ್ಯರ ಸಲಹೆಯನ್ನು ಯಾರೂ ಕೇಳಲಿಲ್ಲ, ವಾಂತಿಯಾದಾಗ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕೆಂಬ ಚೀಟಿ ನಮ್ಮ ಬಳಿ ಇರಲಿಲ್ಲ. ಮಂಡ್ಯದವರೇ, ನಿಮ್ಮ ತಾಯಿಯವರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿ, ನಂತರ ಮೂರು ಪ್ರಶ್ನೆಗಳಿಗೆ ಏಜೆಂಟರಿಂದ ಲಿಖಿತ ಉತ್ತರ ಪಡೆಯಿರಿ: ದೋಣಿಗೆ ಇಳಿಯಲಾಗದವರಿಗೆ ಏನು ವ್ಯವಸ್ಥೆ, ಕಾಯಿಲೆಯಾದರೆ ದಡಕ್ಕೆ ಸಾಗಿಸುವ ಖರ್ಚು ಯಾರದು, ರಕ್ತದೊತ್ತಡವನ್ನು ತಿಳಿಸಿದ ಮೇಲೂ ವಿಮೆ ಅದಕ್ಕೆ ಅನ್ವಯಿಸುತ್ತದೆಯೇ.

ಮಂಡ್ಯ – ಕೃಷಿಕ

ಅಮ್ಮಾ, ನೀವು ಹೇಳಿದಂತೆ ಮೂರೂ ಪ್ರಶ್ನೆಗಳನ್ನು ಬರೆದು ಕಳುಹಿಸಿದೆ. ಮೊದಲನೆಯದಕ್ಕೆ ಉತ್ತರ ಬಂದಿದೆ: ದೋಣಿಗೆ ಇಳಿಯಲಾಗದವರು ಹಡಗಿನಲ್ಲಿಯೇ ಉಳಿಯಬಹುದು, ದ್ವೀಪದ ಸುತ್ತಾಟದ ಹಣ ಹಿಂತಿರುಗುವುದಿಲ್ಲ. ಎರಡನೆಯದಕ್ಕೆ, ಸಾಗಿಸುವ ಖರ್ಚು ಪ್ರಯಾಣಿಕರದು ಎಂದಿದ್ದಾರೆ. ಮೂರನೆಯದನ್ನು ಫೋನಿನಲ್ಲಿ ಮಾತ್ರ ಹೇಳುತ್ತೇವೆ ಎಂದರು, ಬರೆದು ಕೊಡಿ ಎಂದು ನಾನು ಪಟ್ಟು ಹಿಡಿದಿದ್ದೇನೆ.

ನಿನ್ನೆ ರಾತ್ರಿ ಊಟದ ನಂತರ ಅವ್ವನಿಗೆ ದೋಣಿಯ ಹೆಜ್ಜೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ದ್ವೀಪಕ್ಕೆ ಇಳಿಯದಿದ್ದರೂ ಪರವಾಗಿಲ್ಲ, ಮೊಮ್ಮಕ್ಕಳು ಇಳಿದು ನೋಡಿ ಬರಲಿ, ನಾನು ಮೇಲೆ ಕುಳಿತಿರುತ್ತೇನೆ ಎಂದಳು. ಮೇ ತಿಂಗಳ ಯೋಚನೆಯನ್ನು ಬಿಟ್ಟು ಡಿಸೆಂಬರ್ ಕೊನೆಯ ವಾರಕ್ಕೆ ಬದಲಿಸಿದ್ದೇವೆ. ಮಧ್ಯಭಾಗದ ಕೆಳಗಿನ ಕ್ಯಾಬಿನ್ ಇದೆಯಂತೆ. ಮೂರನೆಯ ಉತ್ತರ ಕಾಗದದ ಮೇಲೆ ಬರುವವರೆಗೆ ಮುಂಗಡ ಕೊಡುವುದಿಲ್ಲ.